ಕಾಯಿಲೆ ಒಬ್ಬರದು, ಆರೈಕೆ ಮನೆಮಂದಿಯದು

(ನಮ್ಮ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಕ್ಕರೆ ಕಾಯಿಲೆ ಹಾಗೂ ಬಿ.ಪಿ. ಇರುವ ರೋಗಿಗಳಿಗೆ ಮತ್ತು ಅವರ ಜೊತೆಗೆ ಬಂದ ಬಂಧುಗಳಿಗೆ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಬೆಳಿಗ್ಗೆ ಎದ್ದು ಬಸ್ಸು ಹಿಡಿದು, ಚೀಟಿ ಮಾಡಿಸಿ, ರಕ್ತ ಕೊಟ್ಟು, ಸಾಲಿನಲ್ಲಿ ಕುಳಿತು ಬೇಸತ್ತಿದ್ದೀರಿ ಎಂಬುದು ನನಗೆ ಗೊತ್ತು. ಆದರೂ ಸ್ವಲ್ಪ ಹೊತ್ತು ನನ್ನ ಮಾತಿಗೆ ಕಿವಿಗೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಾನು ಡಾಕ್ಟರ್ ಅಲ್ಲ, ನರ್ಸ್. ರೋಗಿಗಳಿಗೂ ಮನೆಯವರಿಗೂ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಸಿ ಹೇಳುವುದು ನನ್ನ ಕೆಲಸ.

ಒಂದು ಸಣ್ಣ ಲೆಕ್ಕದಿಂದ ಪ್ರಾರಂಭಿಸೋಣ. ಮೂವತ್ತು ದಿನದ ಒಂದು ತಿಂಗಳಿಗೆ 720 ಗಂಟೆ. ತಿಂಗಳಿಗೊಮ್ಮೆ ನೀವು ಇಲ್ಲಿಗೆ ಬಂದರೆ ಡಾಕ್ಟರ ಮುಂದೆ ಕೂರುವುದು ಹೆಚ್ಚೆಂದರೆ ಹದಿನೈದು ನಿಮಿಷ. ಉಳಿದ ಹೊತ್ತೆಲ್ಲ ನೀವು ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಇರುತ್ತೀರಿ. ಕಾಲು ಮುರಿದರೆ ಪಟ್ಟಿ ಹಾಕುತ್ತೇವೆ, ಎಲುಬು ಕೂಡುತ್ತದೆ, ನೀವು ನಮ್ಮನ್ನು ಮರೆಯಬಹುದು. ಆದರೆ ಸಕ್ಕರೆ ಕಾಯಿಲೆ, ಬಿ.ಪಿ., ಪಾರ್ಶ್ವವಾಯು, ಹೃದಯದ ಕಾಯಿಲೆ ಇವು ಹಾಗಲ್ಲ. ಇವು ಮನೆಗೆ ಬಂದು ಉಳಿದುಕೊಳ್ಳುವ ನೆಂಟರಿದ್ದಂತೆ. ಇವನ್ನು ಹದ್ದಿನಲ್ಲಿ ಇಡುವ ಕೆಲಸ ನಡೆಯುವುದು ಆ 720 ಗಂಟೆಗಳಲ್ಲಿ, ನಿಮ್ಮ ಅಡಿಗೆಮನೆಯಲ್ಲಿ, ನಿಮ್ಮ ಮನೆಮಂದಿಯ ನಡುವೆ.

ಇದನ್ನು ನಾನು ಪುಸ್ತಕದಿಂದ ಕಲಿತೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ತಂದೆಯಿಂದ ಕಲಿತೆ. ಆ ಮಾತನ್ನು ಮೊದಲು ಹೇಳುತ್ತೇನೆ.

ನನ್ನ ತಂದೆಯ ಡಬ್ಬಿ

ನಮ್ಮ ತಂದೆಯವರದು ಹಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿ. ಅವರಿಗೆ ಸಕ್ಕರೆ ಕಾಯಿಲೆ ಬಂದಾಗ ನಾನು ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ದಿನವೂ ರಾತ್ರಿ ಫೋನ್ ಮಾಡುತ್ತಿದ್ದೆ. ಮೊದಲ ಮಾತೇ, "ಅಪ್ಪಾ, ಗುಳಿಗಿ ತಗೊಂಡೀ?" ಆ ಕಡೆಯಿಂದ ಉತ್ತರ, "ಹೂನವ್ವಾ, ತಗೊಂಡೆ." ನನಗೆ ಸಮಾಧಾನ. ಫೋನ್ ಇಡುತ್ತಿದ್ದೆ. ಹೀಗೆ ಒಂದೂವರೆ ವರ್ಷ ನಡೆಯಿತು.

ಒಂದು ದಿನ ಅವ್ವ ಫೋನ್ ಮಾಡಿ, "ನಿಮ್ಮಪ್ಪನ ಕಾಲಿಂದ ವಾಸನಿ ಬರಾಕತ್ತೈತಿ" ಎಂದಳು. ಗಿರಣಿಯ ಕಬ್ಬಿಣದ ತುಂಡೊಂದು ಬಲಗಾಲ ಬೆರಳಿನ ಮೇಲೆ ಬಿದ್ದು ಮೂರು ವಾರವಾಗಿತ್ತು. ನೋವೇ ಇರಲಿಲ್ಲವಾದ್ದರಿಂದ ಅವರು ಅರಿಸಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದರು. ನಾನು ಊರಿಗೆ ಓಡಿದೆ. ಆಸ್ಪತ್ರೆಗೆ ಸೇರಿಸಲು ಬಟ್ಟೆ ತೆಗೆಯುವಾಗ ಟ್ರಂಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅದರ ತುಂಬ ಗುಳಿಗೆಗಳು. ಒಂದೂವರೆ ವರ್ಷ ನಾನು ಕಳಿಸಿದ ಗುಳಿಗೆಗಳು.

ಎರಡು ಬೆರಳು ತೆಗೆಯಬೇಕಾಯಿತು. ವಾರ್ಡಿನಲ್ಲಿ ನಾನು ಸಿಟ್ಟು ಮತ್ತು ಅಳು ಎರಡನ್ನೂ ತಡೆಯಲಾಗದೆ ಕೇಳಿದೆ, ಏಕೆ ಸುಳ್ಳು ಹೇಳಿದೆ ಎಂದು. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು. ಮೊದಲ ತಿಂಗಳು ಬಿಡದೆ ನುಂಗಿದ್ದರಂತೆ. ಬೆಳಿಗ್ಗೆ ಏಳಕ್ಕೆ ಗುಳಿಗೆ ನುಂಗಿ ಗಿರಣಿ ಶುರು ಮಾಡಿದರೆ ಗಿರಾಕಿಗಳ ಸಾಲು. ರೊಟ್ಟಿ ತಿನ್ನುವುದು ಹನ್ನೊಂದಕ್ಕೆ. ಹತ್ತು ಗಂಟೆಗೆಲ್ಲ ಮೈ ಬೆವತು, ಕೈ ನಡುಗಿ, ಕಣ್ಣು ಮಂಜಾಗುತ್ತಿತ್ತು. ಒಂದು ದಿನ ಓಡುವ ಬೆಲ್ಟಿನ ಪಕ್ಕದಲ್ಲೇ ಕುಸಿದು ಬಿದ್ದರು. ಕೈ ಬೆಲ್ಟಿಗೆ ಸಿಕ್ಕಿದ್ದರೆ ಏನು ಗತಿ ಎಂದು ಹೆದರಿ ಅಂದೇ ಗುಳಿಗೆ ಬಿಟ್ಟರು. ನನಗೆ ಹೇಳಿದರೆ ಬೈಯುತ್ತೇನೆಂದು ಹೇಳಲಿಲ್ಲ. ಕೊನೆಗೆ ಒಂದು ಮಾತು ಹೇಳಿದರು, "ತಗೊಂಡೀ ಅಂತ ದಿನಾ ಕೇಳ್ತಿದ್ದಿ. ತಗೊಂಡ್ರ ಏನಾಗತೈತಿ ಅಂತ ಒಂದಿನಾನೂ ಕೇಳಲಿಲ್ಲವ್ವಾ."

ಆ ಗುಳಿಗೆ ಸಕ್ಕರೆಯನ್ನು ಜೋರಾಗಿ ಇಳಿಸುವ ಜಾತಿಯದು. ಅದನ್ನು ನುಂಗಿ ಅರ್ಧ ಗಂಟೆಯೊಳಗೆ ಊಟ ಮಾಡಬೇಕು. ರೊಟ್ಟಿ ತಿನ್ನುವ ಹೊತ್ತಿಗೇ ಗುಳಿಗೆ ನುಂಗಿದ್ದರೆ ಸಾಕಿತ್ತು, ಅಥವಾ ಡಾಕ್ಟರು ಬೇರೆ ಗುಳಿಗೆ ಬರೆಯುತ್ತಿದ್ದರು. ಹತ್ತು ನಿಮಿಷದ ಮಾತಿನಲ್ಲಿ ತೀರುವ ವಿಷಯ. ಓದಿದ ಮಗಳು ಇದ್ದರೂ ತೀರಲಿಲ್ಲ. ತಪ್ಪು ಅವರದೊಂದೇ ಎಂದು ನಾನು ಇಂದಿಗೂ ಹೇಳಲಾರೆ.

ಗುಳಿಗೆ ತಪ್ಪುವುದೇಕೆ?

2003 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯವನ್ನೇ ಕುರಿತು ಒಂದು ವರದಿ ಹೊರತಂದಿತು. ಮುಂದುವರಿದ ದೇಶಗಳಲ್ಲಿಯೇ ದೀರ್ಘಕಾಲದ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುತ್ತಾರೆ ಎಂದು ಅದು ತಿಳಿಸಿತು. ಆದ್ದರಿಂದ ಗುಳಿಗೆ ತಪ್ಪಿಸಿದ ರೋಗಿಯನ್ನು ಹಟಮಾರಿ, ದಡ್ಡ ಎಂದು ಕರೆಯುವುದು ಸರಿಯಲ್ಲ. ಕಾರಣ ಹುಡುಕಬೇಕು. ನನ್ನ ಅನುಭವದಲ್ಲಿ ಮತ್ತೆ ಮತ್ತೆ ಕಂಡ ಕಾರಣಗಳು ಇವು.

1. "ಈಗ ಆರಾಮಾಗೇನಿ, ಗುಳಿಗಿ ಯಾಕ?" ಇದು ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು. ಬಿ.ಪಿ. ಏರಿದರೂ, ಸಕ್ಕರೆ 250 ಇದ್ದರೂ ಅನೇಕರಿಗೆ ಏನೂ ಅನಿಸುವುದಿಲ್ಲ. ಏನೂ ಅನಿಸದಿರುವಾಗಲೇ ಕಣ್ಣಿನ ಪರದೆ, ಮೂತ್ರಪಿಂಡ, ಪಾದದ ನರ, ಹೃದಯದ ರಕ್ತನಾಳ ಇವು ಒಳಗೊಳಗೇ ಕೆಡುತ್ತವೆ. ಗುಳಿಗೆ ತೆಗೆದುಕೊಂಡದ್ದರಿಂದ ಬಿ.ಪಿ. ಸರಿಯಾಗಿದೆ, ಗುಳಿಗೆ ಬಿಟ್ಟರೆ ಮತ್ತೆ ಏರುತ್ತದೆ. ಕೊಡೆ ಹಿಡಿದು ನಡೆಯುವವನು ಮೈ ಒಣಗಿದೆಯೆಂದು ಮಳೆಯಲ್ಲೇ ಕೊಡೆ ಮಡಚಿದಂತಾಗುತ್ತದೆ.

2. ಅಡ್ಡ ಪರಿಣಾಮ. ಮೆಟ್‌ಫಾರ್ಮಿನ್ ಗುಳಿಗೆಯಿಂದ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಊಟದೊಂದಿಗೆ ಅಥವಾ ಊಟದ ನಂತರ ತೆಗೆದುಕೊಂಡರೆ ಬಹಳಷ್ಟು ಜನರಿಗೆ ಇದು ಕಡಿಮೆಯಾಗುತ್ತದೆ. ಬಿ.ಪಿ.ಯ ಆಮ್ಲೊಡಿಪಿನ್‌ನಿಂದ ಕಾಲು ಬಾವು ಬರಬಹುದು. ಎನಾಲಪ್ರಿಲ್, ರಾಮಿಪ್ರಿಲ್‌ಗಳಿಂದ ಒಣ ಕೆಮ್ಮು ಬರಬಹುದು. ಇವೆಲ್ಲಕ್ಕೂ ಬದಲಿ ಔಷಧಿಗಳಿವೆ. ನೀವಾಗಿ ಬಿಡಬೇಡಿ, ನಮಗೆ ಹೇಳಿ.

3. ಖರ್ಚು. ಇದನ್ನು ಹೇಳಲು ಜನ ನಾಚುತ್ತಾರೆ. ಒಂದು ತಿಂಗಳ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗಿ ಎರಡು ತಿಂಗಳು ಎಳೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಮತ್ತು ಬಿ.ಪಿ. ತಪಾಸಣೆ ಮಾಡಿ ಮುಖ್ಯವಾದ ಗುಳಿಗೆಗಳನ್ನು ಉಚಿತವಾಗಿ ಕೊಡುವ ಕಾರ್ಯಕ್ರಮವಿದೆ. ಜನೌಷಧಿ ಕೇಂದ್ರಗಳಲ್ಲಿ ಅವೇ ಔಷಧಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಡಾಕ್ಟರಿಗೆ, "ಸಾಹೇಬ್ರ, ಇಷ್ಟು ಖರ್ಚು ನಮಗ ಆಗೂದಿಲ್ರಿ" ಎಂದು ಹೇಳಿದರೆ ಅವರು ಆಗುವಂಥದ್ದನ್ನು ಬರೆಯುತ್ತಾರೆ.

4. ಮರೆವು ಮತ್ತು ಗೊಂದಲ. ಅಕ್ಷರ ಓದಲು ಬಾರದವರಿಗೆ, ಕಣ್ಣು ಮಂಜಾದವರಿಗೆ ಐದು ಬಗೆಯ ಗುಳಿಗೆ ಕೊಟ್ಟು ಕಳಿಸಿದರೆ ಅವರೇನು ಮಾಡಬೇಕು? ಬೆಳಗಿನ ಗುಳಿಗೆಯ ಪಟ್ಟಿಗೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದು ಎರಡು ಬೇರೆ ಡಬ್ಬಿಗಳಲ್ಲಿ ಇಡಿ. ಹಲ್ಲುಜ್ಜುವ ಜಾಗದಲ್ಲೋ ಚಹಾ ಕುಡಿಯುವ ಜಾಗದಲ್ಲೋ ಕಣ್ಣಿಗೆ ಬೀಳುವಂತೆ ಇಟ್ಟರೆ ಮರೆಯುವುದಿಲ್ಲ. ಮಕ್ಕಳ ಕೈಗೆ ಮಾತ್ರ ಸಿಗಬಾರದು.

5. ಮನಸ್ಸು ಕುಗ್ಗುವುದು. ದೀರ್ಘಕಾಲ ಕಾಯಿಲೆ ಇದ್ದವರಲ್ಲಿ ಖಿನ್ನತೆ ಹೆಚ್ಚು. ಮೊದಲು ಗುಡಿಗೆ, ಸಂತೆಗೆ ಹೋಗುತ್ತಿದ್ದವರು ಮೂಲೆ ಹಿಡಿದು ಕೂರುವುದು, ನಿದ್ದೆ ಬಾರದಿರುವುದು, "ಇನ್ನೇನು ಇದ್ದು ಮಾಡೂದೈತಿ" ಎನ್ನುವುದು ಸೋಮಾರಿತನವಲ್ಲ. ಅದೂ ಒಂದು ಕಾಯಿಲೆ, ಅದಕ್ಕೂ ಚಿಕಿತ್ಸೆ ಇದೆ.

ಸಕ್ಕರೆಯ ಲೆಕ್ಕ

2023 ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಆದ್ದರಿಂದ ನನಗೊಬ್ಬನಿಗೇ ಏಕೆ ಬಂತು ಎಂದು ಕೊರಗಬೇಕಾಗಿಲ್ಲ.

ಬಹಳಷ್ಟು ಜನರಿಗೆ ಬರಿಹೊಟ್ಟೆಯಲ್ಲಿ 80 ರಿಂದ 130, ಊಟವಾದ ಎರಡು ಗಂಟೆಗೆ 180 ಕ್ಕಿಂತ ಕಡಿಮೆ ಇದ್ದರೆ ಹಿಡಿತದಲ್ಲಿದೆ ಎನ್ನುತ್ತೇವೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇದ್ದವರಿಗೆ ಡಾಕ್ಟರು ಬೇರೆ ಅಂಕಿ ಹೇಳಬಹುದು. ಕೆಲವರು ಪರೀಕ್ಷೆಯ ಹಿಂದಿನ ಮೂರು ದಿನ ಮಾತ್ರ ಪಥ್ಯ ಮಾಡಿ ಬರುತ್ತಾರೆ. ಎಚ್‌ಬಿಎ1ಸಿ ಎಂಬ ಪರೀಕ್ಷೆಯ ಮುಂದೆ ಈ ಜಾಣತನ ನಡೆಯುವುದಿಲ್ಲ. ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ರಕ್ತದಲ್ಲಿದ್ದ ಸಕ್ಕರೆ ಅದಕ್ಕೆ ಅಂಟಿಕೊಳ್ಳುತ್ತದೆ. ಹೀಗಾಗಿ ಈ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಬಹುಪಾಲು ಜನರಿಗೆ ಇದು ಶೇಕಡಾ 7 ರ ಒಳಗೆ ಇರಬೇಕು.

ಸಕ್ಕರೆ ತೀರ ಇಳಿದರೆ

ನನ್ನ ತಂದೆಗೆ ಆದದ್ದು ಇದೇ. ಸಕ್ಕರೆ 70 ಕ್ಕಿಂತ ಕೆಳಗೆ ಇಳಿದರೆ ಬೆವರು, ನಡುಕ, ಎದೆ ಬಡಿತ, ಹಸಿವು, ತಲೆಸುತ್ತು, ಕಣ್ಣು ಮಂಜಾಗುವುದು, ಅರ್ಥವಿಲ್ಲದ ಮಾತು ಅಥವಾ ಕಾರಣವಿಲ್ಲದ ಸಿಟ್ಟು ಕಾಣಿಸಬಹುದು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷ ಕಾಯಿರಿ. ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಊಟವೋ ತಿಂಡಿಯೋ ಮಾಡಿಸಿ. ಆದರೆ ಎಚ್ಚರ ತಪ್ಪಿದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗಿ ಜೀವಕ್ಕೇ ಅಪಾಯವಾದೀತು. ಅವರನ್ನು ಮಗ್ಗುಲಾಗಿ ಮಲಗಿಸಿ 108 ಕ್ಕೆ ಫೋನ್ ಮಾಡಿ.

ಇನ್ಸುಲಿನ್ ಅಥವಾ ಸಕ್ಕರೆ ಗುಳಿಗೆ ತೆಗೆದುಕೊಳ್ಳುವವರು ಹೊಲಕ್ಕೆ ಹೋಗುವಾಗ, ಬಸ್ಸಿನಲ್ಲಿ ಪ್ರಯಾಣ ಮಾಡುವಾಗ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡಿರಬೇಕು. ಶ್ರಾವಣ ಸೋಮವಾರ, ಶಿವರಾತ್ರಿ ಉಪವಾಸ ಮಾಡುವ ರೂಢಿ ಇದ್ದರೆ ಒಂದು ವಾರ ಮೊದಲೇ ಡಾಕ್ಟರನ್ನು ಕೇಳಿ. ಗುಳಿಗೆ ನುಂಗಿ ಉಪವಾಸ ಮಾಡುವುದೂ ಅಪಾಯ, ಯಾರನ್ನೂ ಕೇಳದೆ ಗುಳಿಗೆ ಬಿಟ್ಟು ಉಪವಾಸ ಮಾಡುವುದೂ ಅಪಾಯ.

ಇನ್ಸುಲಿನ್ ಕೊನೆಯ ಔಷಧಿಯಲ್ಲ

"ಇನ್ಸುಲಿನ್ ಶುರುವಾತಂದ್ರ ಮುಗೀತು" ಎಂಬ ಹೆದರಿಕೆ ನಮ್ಮ ಜನರಲ್ಲಿ ಬಹಳ. ನಿಜ ಸಂಗತಿ ಬೇರೆಯೇ ಇದೆ. 1921 ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ಬೇರ್ಪಡಿಸಿದರು. 1922 ರ ಜನವರಿಯಲ್ಲಿ ಸಾವಿನ ಅಂಚಿನಲ್ಲಿದ್ದ 14 ವರ್ಷದ ಹುಡುಗನಿಗೆ ಅದನ್ನು ಮೊದಲ ಬಾರಿ ಕೊಟ್ಟರು. ಆ ಹುಡುಗ ಚೇತರಿಸಿಕೊಂಡ. ಇನ್ಸುಲಿನ್ ಬಂದದ್ದು ಬದುಕಿಸಲಿಕ್ಕೆ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ 40 ರ ಸಿರಿಂಜನ್ನೇ ಬಳಸಬೇಕು. ಕಿತ್ತಳೆ ಮುಚ್ಚಳದ್ದು 100 ರ ಸಿರಿಂಜು. 40 ರ ಸೀಸೆಯಿಂದ 100 ರ ಸಿರಿಂಜಿನಲ್ಲಿ 20 ರ ಗೆರೆಯವರೆಗೆ ಎಳೆದರೆ ಬರುವುದು 8 ಯೂನಿಟ್ ಮಾತ್ರ. ಅದಲು ಬದಲಾಗಿ 100 ರ ಸೀಸೆಯಿಂದ 40 ರ ಸಿರಿಂಜಿನಲ್ಲಿ ಎಳೆದರೆ 20 ರ ಬದಲು 50 ಯೂನಿಟ್ ಹೋಗುತ್ತದೆ. ಜೀವಕ್ಕೇ ಅಪಾಯ. ಪ್ರತಿ ಸಲ ಅಂಗಡಿಯಲ್ಲಿ ಕೊಳ್ಳುವಾಗ ಸೀಸೆಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಕೂಡಿಸಿ ನೋಡಿ.

ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಔಷಧಿ ಸರಿಯಾಗಿ ಹೀರುವುದಿಲ್ಲ. ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು ಜಾಗ ಬದಲಿಸುತ್ತಿರಿ. ಮನೆಯಲ್ಲಿ ಫ್ರಿಜ್ ಇದ್ದರೆ ಅದರ ಬಾಗಿಲಿನಲ್ಲಿ ಇಡಿ, ಮಂಜುಗಟ್ಟುವ ಮೇಲಿನ ಖಾನೆಯಲ್ಲಿ ಇಡಬೇಡಿ. ಮಂಜುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಫ್ರಿಜ್ ಇಲ್ಲದವರು ಒಂದು ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಉಸುಕು ತುಂಬಿ, ಅದರೊಳಗೆ ಸಣ್ಣ ಮಡಕೆ ಕೂರಿಸಿ, ಸೀಸೆಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗಿಟ್ಟು ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿ ಇಡಬಹುದು. ಬಳಸಲು ತೆರೆದ ಸೀಸೆಯನ್ನು ಸುಮಾರು ನಾಲ್ಕು ವಾರದೊಳಗೆ ಮುಗಿಸಬೇಕು. ಬಳಸಿದ ಸೂಜಿಗಳನ್ನು ತಿಪ್ಪೆಗೆ ಎಸೆಯದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ತಂದುಕೊಡಿ.

ಮುಖ ನೋಡಿಕೊಂಡಂತೆ ಪಾದ ನೋಡಿಕೊಳ್ಳಿ

ಬಹಳ ದಿನ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸತ್ತಂತಾಗುತ್ತವೆ. ಮುಳ್ಳು ಚುಚ್ಚಿದರೂ, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ನೋವಿಲ್ಲದ ಗಾಯವೇ ಹೆಚ್ಚು ಅಪಾಯದ್ದು. ದಿನವೂ ರಾತ್ರಿ ದೀಪದ ಬೆಳಕಿನಲ್ಲಿ ಪಾದದ ಮೇಲೆ, ಕೆಳಗೆ, ಬೆರಳುಗಳ ನಡುವೆ ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಅಥವಾ ಮನೆಯವರಿಂದ ನೋಡಿಸಿ. ಮೊಮ್ಮಕ್ಕಳಿಗೆ ಈ ಕೆಲಸ ವಹಿಸಿದರೆ ಅವರು ಬಹಳ ಪ್ರೀತಿಯಿಂದ ಮಾಡುತ್ತಾರೆ, ಅವರ ಕಣ್ಣೂ ಚುರುಕು.

ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿ. ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ ನೋಡಿ. ಕಾಲು ತೊಳೆದ ಮೇಲೆ ಬೆರಳುಗಳ ಸಂದಿಯನ್ನು ಒರೆಸಿ ಒಣಗಿಸಿ. ಪಾದ ಒಡೆದಿದ್ದರೆ ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬೇಡಿ. ಜೋಮು ಹಿಡಿದಿದೆಯೆಂದು ಬಿಸಿ ಇಟ್ಟಿಗೆ, ಬಿಸಿನೀರಿನ ಶಾಖ ಕೊಡಬೇಡಿ. ಸುಟ್ಟು ಬೊಬ್ಬೆ ಬಂದರೂ ತಿಳಿಯುವುದಿಲ್ಲ. ಜಾತ್ರೆಗೆ, ಗುಡಿಗೆ, ಮಠಕ್ಕೆ ಬರಿಗಾಲಲ್ಲಿ ಹೋಗುವ ರೂಢಿ ನಮ್ಮದು. ಬೇಸಿಗೆಯ ಮಧ್ಯಾಹ್ನದ ಹಾಸುಗಲ್ಲಿನ ಮೇಲೆ ನಡೆದು ಅಂಗಾಲು ಸುಟ್ಟುಕೊಂಡು ಬರುವವರು ಇದ್ದಾರೆ. ಬೆಳಗಿನ ಹೊತ್ತಿನಲ್ಲಿ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ. ಭಕ್ತಿಗೆ ಅದರಿಂದ ಕೊರತೆಯಾಗದು.

ಹೇಳಿಸಿಕೊಂಡವರು ಒಬ್ಬರು, ಅಡಿಗೆ ಮಾಡುವವರು ಇನ್ನೊಬ್ಬರು

ಇಲ್ಲಿ ಒಂದು ವಿಚಿತ್ರವನ್ನು ದಿನವೂ ನೋಡುತ್ತೇನೆ. ಡಿಸ್ಚಾರ್ಜ್ ದಿನ ಪಥ್ಯ ಹೇಳಿಸಿಕೊಳ್ಳಲು ಮಗ ನಿಂತಿರುತ್ತಾನೆ. ಮನೆಯಲ್ಲಿ ಅಡಿಗೆ ಮಾಡುವವಳು ಸೊಸೆ. ಗುಳಿಗೆ ಕೊಡುವವಳು ಹೆಂಡತಿ. ನಾನು ಹೇಳಿದ್ದೆಲ್ಲ ಮಗನ ಕಿವಿಯಲ್ಲೇ ಉಳಿದು, ಮನೆ ತಲುಪುವಾಗ "ಸಿಹಿ ತಿನ್ನಬಾರದಂತ" ಎಂಬ ಒಂದೇ ಮಾತಾಗಿರುತ್ತದೆ. ಆದ್ದರಿಂದ ಮುಂದಿನ ಸಲ ಬರುವಾಗ ಅಡಿಗೆ ಮಾಡುವವರನ್ನೇ ಕರೆದುಕೊಂಡು ಬನ್ನಿ. ಆಗದಿದ್ದರೆ ಇಲ್ಲಿಂದಲೇ ಫೋನ್ ಹಚ್ಚಿ ಕೊಡಿ, ನಾನೇ ಅವರಿಗೆ ಹೇಳುತ್ತೇನೆ.

ಸಿಹಿ ಬಿಟ್ಟರೆ ಸಾಕು ಎಂಬುದು ಅರ್ಧ ಸತ್ಯ. ಬೆಲ್ಲವೂ ಸಕ್ಕರೆಯೇ. ಜೋಳದ ರೊಟ್ಟಿ ಒಳ್ಳೆಯದು, ಆದರೆ ಎಷ್ಟು ತಿಂದರೂ ನಡೆಯುತ್ತದೆ ಎಂಬುದು ತಪ್ಪು. ರೊಟ್ಟಿ, ಚಪಾತಿ, ಅನ್ನ, ಮುದ್ದೆ ಎಲ್ಲವೂ ಹೊಟ್ಟೆಯಲ್ಲಿ ಸಕ್ಕರೆಯಾಗುತ್ತವೆ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಸೌತೆಕಾಯಿ, ಮೂಲಂಗಿಯಂಥವು ಇರಲಿ. ಕಾಲು ಭಾಗ ಹೆಸರುಕಾಳು, ಹುರುಳಿ, ಮಡಿಕೆ, ಬೇಳೆ ಇರಲಿ. ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ. ರೊಟ್ಟಿಯ ಮೇಲೆ ಮತ್ತೆ ಅನ್ನ ಬೇಕೆಂದರೆ ಒಂದು ರೊಟ್ಟಿ ಬಿಡಬೇಕು. ಬಿ.ಪಿ. ಇದ್ದವರಿಗೆ ದಿನಕ್ಕೆ ಉಪ್ಪು ಒಂದು ಸಣ್ಣ ಚಮಚ, ಅಂದರೆ 5 ಗ್ರಾಮಿನೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿರುವ ಉಪ್ಪೂ ಈ ಲೆಕ್ಕದಲ್ಲೇ ಬರುತ್ತದೆ.

ರೋಗಿಗೆ ಬೇರೆ ಒಲೆ ಹಚ್ಚಬೇಡಿ. ಕಡಿಮೆ ಎಣ್ಣೆ, ಕಡಿಮೆ ಉಪ್ಪು, ಹೆಚ್ಚು ಕಾಯಿಪಲ್ಯ ಮನೆಮಂದಿಗೆಲ್ಲ ಒಳ್ಳೆಯದು. ಎಲ್ಲರೂ ಹೋಳಿಗೆ ಉಣ್ಣುವಾಗ ಒಬ್ಬರ ಮುಂದೆ ಮಾತ್ರ ಸಪ್ಪೆ ಊಟ ಇಟ್ಟರೆ ಅವರು ರಾತ್ರಿ ಕದ್ದು ತಿನ್ನುತ್ತಾರೆ. ತಪ್ಪು ಯಾರದು? ಹಬ್ಬದ ದಿನ ಅರ್ಧ ಹೋಳಿಗೆ ಕೊಟ್ಟು ಅನ್ನ ಬಿಡಿಸುವುದು ಅದಕ್ಕಿಂತ ಲೇಸು. ದಾಸೋಹದಲ್ಲಿ ಗೋದಿ ಹುಗ್ಗಿ ಬಡಿಸಿದರೆ ಒಂದು ಚಮಚ ಪ್ರಸಾದವೆಂದು ತೆಗೆದುಕೊಳ್ಳಿ, ಊಟವೆಂದು ತೆಗೆದುಕೊಳ್ಳಬೇಡಿ.

ಆರೈಕೆ ಮಾಡುವವರಿಗೆ ಎರಡು ಮಾತು

ಮೊದಲನೆಯದು, ಪೊಲೀಸರಾಗಬೇಡಿ. ನಾನು ಒಂದೂವರೆ ವರ್ಷ ಫೋನಿನಲ್ಲಿ ಮಾಡಿದ್ದು ಅದನ್ನೇ. ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಿದರೆ ಹೌದು ಎಂಬ ಸುಳ್ಳು ಬರುತ್ತದೆ. "ಈ ವಾರ ಎಷ್ಟು ಸಲ ಗುಳಿಗೆ ತಪ್ಪಿತು? ಎಲ್ಲರಿಗೂ ತಪ್ಪುತ್ತದೆ" ಎಂದು ಕೇಳಿ ನೋಡಿ. "ಗುಳಿಗೆ ತಗೊಂಡ ಮೇಲೆ ಮೈಗೆ ಹೆಂಗನಿಸುತ್ತದೆ?" ಎಂದು ಕೇಳಿ. ಸತ್ಯ ಹೇಳಿದಾಗ ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸತ್ಯ ಡಬ್ಬಿಯೊಳಗೆ ಸೇರುತ್ತದೆ. ಹಾಗೆಯೇ ರೋಗಿ ಮಾಡಬಹುದಾದ ಕೆಲಸವನ್ನು ಕಸಿದುಕೊಳ್ಳಬೇಡಿ. ಪಾರ್ಶ್ವವಾಯು ಆದವರು ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ತೆಗೆದುಕೊಂಡರೂ ಸರಿ, ಅವರೇ ಹಾಕಿಕೊಳ್ಳಲಿ. ಕೈಗೆ ಅದೇ ವ್ಯಾಯಾಮ, ಮನಸ್ಸಿಗೆ ಅದೇ ಧೈರ್ಯ.

ಎರಡನೆಯದು, ನಿಮ್ಮನ್ನು ನೀವು ಮರೆಯಬೇಡಿ. ನಮ್ಮ ಮನೆಗಳಲ್ಲಿ ಆರೈಕೆಯ ಭಾರ ಹೆಚ್ಚಾಗಿ ಹೆಂಡತಿ, ಸೊಸೆ, ಮಗಳ ಮೇಲೆಯೇ ಬೀಳುತ್ತದೆ. ರಾತ್ರಿ ಎರಡು ಸಲ ಎದ್ದು, ಹಗಲು ಹೊಲದ ಕೆಲಸ ಮಾಡಿ, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ತಾಯಂದಿರು ಇಲ್ಲಿ ಎಷ್ಟು ಜನ ಕುಳಿತಿಲ್ಲ? ಗಂಡನ ಬಿ.ಪಿ. ತೋರಿಸಲು ಬಂದ ತಾಯಿಯೊಬ್ಬರ ತೋಳಿಗೆ ಸುಮ್ಮನೆ ಪಟ್ಟಿ ಸುತ್ತಿ ನೋಡಿದರೆ ಗಂಡನಿಗಿಂತ ಹೆಚ್ಚು ಬಿ.ಪಿ. ಇದ್ದದ್ದನ್ನು ನಾನೇ ಕಂಡಿದ್ದೇನೆ. "ನನ್ನ ಕಡೆ ನೋಡ್ಕೊಳ್ಳಾಕ ಯಾಳೆ ಎಲ್ಲೈತ್ರಿ ಸಿಸ್ಟರ್" ಎಂದರು. ಆದ್ದರಿಂದ ಜೊತೆಗೆ ಬಂದವರೂ ಇಂದೇ ಸಕ್ಕರೆ, ಬಿ.ಪಿ. ಪರೀಕ್ಷೆ ಮಾಡಿಸಿಕೊಂಡು ಹೋಗಿ.

ಕೆಲಸ ಹಂಚಿಕೊಳ್ಳಿ. ಔಷಧಿ ತರುವುದು ಮಗನ ಕೆಲಸ, ಪಾದ ನೋಡುವುದು ಮೊಮ್ಮಗಳ ಕೆಲಸ, ಸಂಜೆ ಅರ್ಧ ಗಂಟೆ ಜೊತೆಗೆ ನಡೆಯುವುದು ತಮ್ಮನ ಕೆಲಸ ಎಂದು ಮನೆಮಂದಿ ಕುಳಿತು ನಿರ್ಧರಿಸಿ. ದೂರದ ಊರಿನಲ್ಲಿ ದುಡಿಯುವ ಮಕ್ಕಳು ವಾರಕ್ಕೊಮ್ಮೆ ತಾಯಿಗೂ ಫೋನ್ ಮಾಡಿ, "ಅಪ್ಪ ಹ್ಯಾಂಗದಾನ?" ಎಂದು ಕೇಳುವ ಮೊದಲು "ನೀ ಹ್ಯಾಂಗದೀಯವ್ವಾ?" ಎಂದು ಕೇಳಲಿ. ಅಳು ಬರುವುದು, ಸಿಟ್ಟು ಬರುವುದು, ಸಾಕಾಯಿತು ಅನಿಸುವುದು ಪಾಪವಲ್ಲ. ಮನಸ್ಸು ತೀರ ಭಾರವಾದರೆ 14416 ಕ್ಕೆ ಫೋನ್ ಮಾಡಿ. ಇದು 2022 ರಲ್ಲಿ ಕೇಂದ್ರ ಸರಕಾರ ಪ್ರಾರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಇದು ರೋಗಿಗಳಿಗೂ ಹೌದು, ಆರೈಕೆ ಮಾಡುವವರಿಗೂ ಹೌದು.

ಕಾಯದೆ ಬರಬೇಕಾದ ಲಕ್ಷಣಗಳು

ಕೆಳಗಿನವು ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಕೂಡಲೇ ಹತ್ತಿರದ ಆಸ್ಪತ್ರೆಗೆ ಬನ್ನಿ, ಅಥವಾ 108 ಕರೆಯಿರಿ.

* ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು. ಇದು ಶುರುವಾದ ಸಮಯ ಬರೆದಿಟ್ಟುಕೊಳ್ಳಿ. ಕೆಲವು ಚಿಕಿತ್ಸೆಗಳನ್ನು ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಲು ಬರುತ್ತದೆ.
* ಎದೆಯಲ್ಲಿ ಒತ್ತಿದಂತೆ ನೋವು, ಬೆವರು, ಉಸಿರು ಕಟ್ಟುವುದು. ಸಕ್ಕರೆ ಕಾಯಿಲೆಯವರಿಗೆ ನೋವು ಕಡಿಮೆ ಇದ್ದು ಬರಿ ದಮ್ಮು ಮತ್ತು ಬೆವರು ಬರಬಹುದು.
* ಪಾದದ ಗಾಯ ಕೆಂಪಾಗಿ ಊದಿಕೊಳ್ಳುವುದು, ಕಪ್ಪಾಗುವುದು, ಕೀವು, ವಾಸನೆ.
* ನಿಲ್ಲದ ವಾಂತಿ, ಬಹಳ ಬಾಯಾರಿಕೆ, ಮಂಪರು. ಜ್ವರ ವಾಂತಿ ಇದೆಯೆಂದು ಇನ್ಸುಲಿನನ್ನು ನೀವಾಗಿ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ.
* ಒಮ್ಮೆಲೆ ಕಣ್ಣು ಕಾಣದಂತಾಗುವುದು.

ಇಂದು ರಾತ್ರಿ ಮಾಡಬೇಕಾದ ಮೂರು ಕೆಲಸ

ಇಷ್ಟೆಲ್ಲ ನೆನಪಿರುವುದಿಲ್ಲ ಎಂದು ನನಗೆ ಗೊತ್ತು. ಅದಕ್ಕೇ ಈ ಪುಸ್ತಿಕೆಯನ್ನು ಕೊಡುತ್ತಿದ್ದೇವೆ. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿ. ಇಂದು ರಾತ್ರಿ ಮೂರು ಕೆಲಸ ಮಾತ್ರ ಮಾಡಿ. ಒಂದು, ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನು ಒಂದು ಚೀಲಕ್ಕೆ ಹಾಕಿ ಇಡಿ, ಮುಂದಿನ ಸಲ ಬರುವಾಗ ತನ್ನಿ. ನಾಟಿ ಔಷಧಿ, ಬೇರೆ ಡಾಕ್ಟರು ಕೊಟ್ಟದ್ದು, ನುಂಗದೆ ಉಳಿದದ್ದು ಎಲ್ಲವೂ ಇರಲಿ, ಯಾರೂ ಬೈಯುವುದಿಲ್ಲ. ಎರಡು, ಹತ್ತು ರೂಪಾಯಿಯ ಒಂದು ನೋಟುಬುಕ್ಕಿನಲ್ಲಿ ತಾರೀಖು, ಸಕ್ಕರೆ, ಬಿ.ಪಿ., ಆದ ತೊಂದರೆ ಬರೆಯಲು ಶುರುಮಾಡಿ. ಮೂರು, ಪಾದ ನೋಡಿ.

ಇಲ್ಲಿ ನಾವು ಹೇಳಿದ್ದು ಅರ್ಥವಾಗದಿದ್ದರೆ ತಲೆಯಾಡಿಸಿ ಹೋಗಬೇಡಿ. "ಇನ್ನೊಮ್ಮೆ ಹೇಳ್ರಿ ಸಿಸ್ಟರ್" ಎನ್ನಿ. ನಾನು ಹೇಳಿದ್ದನ್ನು ತಿರುಗಿ ನನಗೇ ಹೇಳಿ ತೋರಿಸಿ. ತಪ್ಪಿದರೆ ನಾನು ಸರಿಯಾಗಿ ಹೇಳಲಿಲ್ಲವೆಂದೇ ಅರ್ಥ.

ನಮ್ಮ ತಂದೆ ಈಗಲೂ ಗಿರಣಿ ನಡೆಸುತ್ತಾರೆ. ಬೆರಳಿಲ್ಲದ ಕಾಲಿಗೆ ಮೆತ್ತನೆಯ ಚಪ್ಪಲಿ. ಎಂಟು ಗಂಟೆಗೆ ಗಿರಣಿ ನಿಲ್ಲಿಸಿ, ಗಿರಾಕಿ ಎಷ್ಟೇ ಇದ್ದರೂ ರೊಟ್ಟಿ ತಿಂದು, ಗುಳಿಗೆ ನುಂಗಿ, ಮತ್ತೆ ಬೆಲ್ಟು ಹಾಕುತ್ತಾರೆ. ಆ ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಅವರ ಸಕ್ಕರೆಯ ನೋಟುಬುಕ್ಕು ಇದೆ. ನಾನು ರಾತ್ರಿ ಫೋನ್ ಮಾಡಿದಾಗ ಗುಳಿಗೆಯ ಮಾತು ಕೊನೆಗೆ ಬರುತ್ತದೆ. ಮೊದಲು ಮಳೆ, ಜೋಳದ ಧಾರಣೆ, ಅವ್ವನ ಮೊಣಕಾಲು ನೋವು ಎಲ್ಲ ಮಾತಾಡುತ್ತೇವೆ. ಕೆಲವು ದಿನ, "ಇವತ್ತು ಮಧ್ಯಾಹ್ನದ್ದು ತಪ್ಪಿತು ನೋಡವ್ವಾ" ಎಂದು ಅವರೇ ಹೇಳುತ್ತಾರೆ. ಆ ಮಾತು ಕೇಳಿದಾಗ ನನಗೆ ಹೆಚ್ಚು ನೆಮ್ಮದಿ.

ನಿಮ್ಮ ಮನೆಯಲ್ಲೂ ಅಂಥ ಮಾತು ಸಲೀಸಾಗಿ ಬರಲಿ ಎಂದು ಹಾರೈಸುತ್ತೇನೆ.